ಗೇಟಿನ ಚಿಲಕದ ಸದ್ದಿಗೆ ಮೂವತ್ತು ವರ್ಷ ಆದ್ಮೇಲೂ ಎದೆ ಹೊಡೆದುಕೊಳ್ಳುವುದು ಯಾಕೆ?

ಹಳೇಚಿಲಕ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಸುಮ್ನೆ ಓದಿಕೊಂಡು ಹೋಗುವವನು, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 38 ವರ್ಷ. ಕೆಲಸ ಇದೆ, ಮದುವೆಯಾಗಿದೆ, ಆರು ವರ್ಷದ ಮಗಳಿದ್ದಾಳೆ. ಕಳೆದ ವಾರ ಅವಳು ನನ್ನ ಲ್ಯಾಪ್‌ಟಾಪ್ ಪಕ್ಕ ಇದ್ದ ನೀರಿನ ಲೋಟ ಉರುಳಿಸಿದಳು. ನಾನು ಕಿರುಚಿದೆ. ಬೈದದ್ದಲ್ಲ, ಕಿರುಚಿದ್ದು, ನನಗೇ ಗುರುತು ಸಿಗದಂಥ ದನಿಯಲ್ಲಿ. ಅವಳು ಅಳಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಫ್ರಾಕಿನ ಅಂಚಿನಿಂದ ನೆಲ ಒರೆಸೋಕೆ ಶುರು ಮಾಡಿದಳು. "ಆಯ್ತಪ್ಪಾ, ಆಯ್ತಪ್ಪಾ, ಒರೆಸಿಬಿಡ್ತೀನಿ" ಅಂತ. ನೀರು ಚೆಲ್ಲಿದ್ದು ಮೇಜಿನ ಮೇಲೆ. ನೆಲ ಒಣಗಿಯೇ ಇತ್ತು.

ಆ ಒಣ ನೆಲ ಒರೆಸುವುದು ನನಗೆ ಚೆನ್ನಾಗಿ ಗೊತ್ತು. ನಾನೂ ಮಾಡಿದ್ದೇನೆ.

ನಮ್ಮಪ್ಪ ಸಂಜೆ ಮನೆಗೆ ಬಂದಾಗ ಗೇಟಿನ ಚಿಲಕ ಬೀಳುವ ಸದ್ದಿನಿಂದಲೇ ಇವತ್ತು ಯಾವ ಅಪ್ಪ ಬಂದಿದ್ದಾರೆ ಅಂತ ನಾನೂ ಅಕ್ಕನೂ ಹೇಳುತ್ತಿದ್ದೆವು. ಮೆಲ್ಲಗೆ ಬಿದ್ದರೆ ಕತೆ ಹೇಳುವ ಅಪ್ಪ. ಠಣ್ ಅಂತ ಬಿದ್ದರೆ ಬೆಲ್ಟಿನ ಅಪ್ಪ. ಅಮ್ಮ "ಅವರು ಹಾಗೇ, ಎದುರಿಗೆ ಹೋಗಬೇಡಿ" ಅನ್ನುತ್ತಿದ್ದರು, ಅಷ್ಟೇ. ಅಕ್ಕ ಮಂಚದ ಕೆಳಗೆ, ನಾನು ಪುಸ್ತಕದ ಮುಂದೆ, ಓದುವ ಹಾಗೆ ನಟನೆ. ಈಗಲೂ ಪಕ್ಕದ ಮನೆಯವರ ಗೇಟು ಸದ್ದಾದರೆ ನನ್ನ ಕೈ ತಣ್ಣಗಾಗುತ್ತದೆ. ಆಫೀಸಿನಲ್ಲಿ ಮೇಲಿನವರು "ಒಂದ್ನಿಮಿಷ ಬನ್ನಿ" ಅಂದರೆ ಹೊಟ್ಟೆ ತಿರುಚುತ್ತದೆ. ಹೆಂಡತಿ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟರೂ "ಸಿಟ್ಟಾ? ನನ್ನ ಮೇಲಾ?" ಅಂತ ದಿನಕ್ಕೆ ಹತ್ತು ಸಲ ಕೇಳುತ್ತೇನಂತೆ. ಅವಳಿಗೆ ಸಾಕಾಗಿದೆ.

ಇನ್ನೊಂದು ವಿಷಯ, ಹೇಳೋಕೆ ನಾಚಿಕೆ. ಅಪ್ಪನಿಗೆ ಈಗ ವಯಸ್ಸಾಗಿದೆ, ಮೆತ್ತಗಾಗಿದ್ದಾರೆ. ನನ್ನ ಮಗಳ ಪೆನ್ಸಿಲ್‌ಗಳನ್ನೆಲ್ಲ ಸಾಲಾಗಿಟ್ಟು ಒಂದೊಂದೇ ಚೂಪು ಮಾಡಿಕೊಡುತ್ತಾರೆ. ಅದನ್ನು ನೋಡಿದರೆ ನನಗೆ ಖುಷಿ ಆಗಬೇಕು ಅಲ್ವಾ? ಸಿಟ್ಟು ಬರುತ್ತದೆ. ಆಮೇಲೆ ಆ ಸಿಟ್ಟಿಗೆ ಇನ್ನಷ್ಟು ಬೇಸರ.

ಇದು ನಿಜಕ್ಕೂ ಇಷ್ಟು ವರ್ಷ ಉಳಿಯುತ್ತದಾ ಅಥವಾ ನಾನೇ ಹಿಡಿದುಕೊಂಡು ಕೂತಿದ್ದೇನಾ? ಮಗಳಿಗೂ ಇದನ್ನೇ ದಾಟಿಸಿಬಿಟ್ಟೆನಾ? ಅಪ್ಪನನ್ನು ಕ್ಷಮಿಸದೆ ಇದರಿಂದ ಹೊರಗೆ ಬರೋಕೆ ಆಗುತ್ತಾ?

ಗಟ್ಟಿಪಿಂಡ:

ತಪ್ಪು ತಿಳೀಬೇಡಿ ತಮ್ಮಾ. ನಮ್ಮ ಕಾಲದಲ್ಲಿ ಪೆಟ್ಟು ತಿನ್ನದವರು ಯಾರಿದ್ದರು? ಮನೆಯಲ್ಲೂ ತಿಂದೆವು, ಶಾಲೆಯಲ್ಲೂ ತಿಂದೆವು. ನನಗೀಗ 57, ಏನೂ ಆಗಿಲ್ಲ. ಈಗಿನವರು ಎಲ್ಲದಕ್ಕೂ ಟ್ರಾಮಾ ಅಂತ ಒಂದು ಹೆಸರಿಟ್ಟುಕೊಂಡು ಅಪ್ಪ ಅಮ್ಮನ ಮೇಲೆ ಹಾಕುತ್ತಾರೆ. ಹಳೆಯದನ್ನು ಕೆದಕಿದಷ್ಟೂ ಕೊಳೆಯೇ ಮೇಲೆ ಬರುವುದು. ಮುಂದೆ ನೋಡಿ.

ಕಿವಿಗೊಡುವವಳು:

ಹಳೇಚಿಲಕ ಅವರೇ, ನಾನು 14 ವರ್ಷದಿಂದ ಕೌನ್ಸೆಲಿಂಗ್ ಕೆಲಸದಲ್ಲಿದ್ದೇನೆ. ಒಂದು ಪೋಸ್ಟ್ ಓದಿ ನಿಮಗೆ ಇಂಥದ್ದೇ ಇದೆ ಅಂತ ಹೇಳುವುದು ತಪ್ಪಾಗುತ್ತದೆ, ಅದಕ್ಕೆ ಎದುರಿಗೆ ಕೂತು ಮಾತಾಡಬೇಕು. ಆದರೆ ನೀವೇ ಹಿಡಿದುಕೊಂಡು ಕೂತಿದ್ದೀರಾ ಅನ್ನುವ ಪ್ರಶ್ನೆಗೆ ಉತ್ತರ ಕೊಡಬಹುದು. ಇಲ್ಲ. ನೀವು ಹಿಡಿದುಕೊಂಡಿಲ್ಲ, ನಿಮ್ಮ ಮೈ ಹಿಡಿದುಕೊಂಡಿದೆ.

ಚಿಲಕದ ಸದ್ದು ಕೇಳಿ ಅಪ್ಪನ ಮೂಡು ಹೇಳುವ ಮಗು ಜಾಣ ಮಗು. ಆ ಮನೆಯಲ್ಲಿ ಬೇಕಾಗಿದ್ದ ವಿದ್ಯೆ ಅದು. ಮಿದುಳಿನಲ್ಲಿ ಅಮಿಗ್ಡಲಾ ಅಂತ ಬಾದಾಮಿಯಷ್ಟೇ ಇರುವ ಒಂದು ಭಾಗ ಇದೆ. ಅಪಾಯ ಅನ್ನಿಸಿದ ಕೂಡಲೇ ಅದು ಕೂಗು ಹಾಕುತ್ತದೆ, ಎದೆ ಜೋರಾಗಿ ಬಡಿಯುತ್ತದೆ, ಕೈ ತಣ್ಣಗಾಗುತ್ತದೆ, ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಏರುತ್ತದೆ. "ತಡಿ, ಅದು ಪಕ್ಕದ ಮನೆ ಗೇಟು" ಅಂತ ಸಮಾಧಾನ ಹೇಳುವುದು ಹಣೆಯ ಹಿಂದಿನ ಭಾಗ, ಅದು ನಿಧಾನ. ದೊಡ್ಡವರಲ್ಲೇ ಅದು ನಿಧಾನ, ಮಕ್ಕಳಲ್ಲಂತೂ ಇನ್ನೂ ಬೆಳೆಯುತ್ತಾ ಇರುತ್ತದೆ, ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತದೆ. ಅದು ಬೆಳೆಯುವ ಹೊತ್ತಿನಲ್ಲೇ ದಿನಾ ಸಂಜೆ ಕೂಗು ಎದ್ದರೆ, ಸಣ್ಣ ಸದ್ದಿಗೂ ಏಳುವುದೇ ಅದಕ್ಕೆ ರೂಢಿಯಾಗುತ್ತದೆ. ನಿಮ್ಮ ಕತೆಯಲ್ಲಿ ಬೆಲ್ಟಿಗಿಂತ ನನಗೆ ಜಾಸ್ತಿ ಕಂಡದ್ದು ಇವತ್ತು ಯಾವ ಅಪ್ಪ ಅನ್ನುವುದು. ಯಾವಾಗ ಅಂತ ಗೊತ್ತಿಲ್ಲದ ಪೆಟ್ಟು ಇದೆಯಲ್ಲ, ಅದು ಮಗುವನ್ನು ಪೆಟ್ಟು ಬೀಳದ ದಿನವೂ ಕಾವಲು ಕೂರಿಸುತ್ತದೆ. ಹೆಂಡತಿಯ ಪಾತ್ರೆ ಸದ್ದಿಗೆ "ಸಿಟ್ಟಾ?" ಅಂತ ಕೇಳುವುದು ಅದೇ ಕಾವಲು ಕೆಲಸ, ಜಾಗ ಮಾತ್ರ ಬೇರೆ.

ಗಟ್ಟಿಪಿಂಡ ಸರ್, ಎಲ್ಲರೂ ತಿಂದಿದ್ದೇವೆ ಅನ್ನುವುದು ನಿಜ ಇರಬಹುದು, ಏನೂ ಆಗಿಲ್ಲ ಅನ್ನುವುದು ಲೆಕ್ಕ ಹಾಕಿದಾಗ ನಿಲ್ಲಲಿಲ್ಲ. ಅಮೆರಿಕದಲ್ಲಿ ವಿನ್ಸೆಂಟ್ ಫೆಲಿಟ್ಟಿ ಅಂತ ಒಬ್ಬ ಡಾಕ್ಟರು 1980ರ ದಶಕದಲ್ಲಿ ತೂಕ ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ತೂಕ ಚೆನ್ನಾಗಿ ಇಳಿಯುತ್ತಿದ್ದವರೇ ಅರ್ಧಕ್ಕೆ ಬಿಟ್ಟು ಹೋಗುತ್ತಿದ್ದರು. ಯಾಕಪ್ಪಾ ಅಂತ ಕೂರಿಸಿ ಕೇಳಿದರೆ ಒಬ್ಬರಾದ ಮೇಲೆ ಒಬ್ಬರು ಚಿಕ್ಕಂದಿನ ಲೈಂಗಿಕ ದೌರ್ಜನ್ಯದ ಕತೆ ಹೇಳಿದರು. ಆಮೇಲೆ ಅವರು ರಾಬರ್ಟ್ ಆಂಡಾ ಅನ್ನುವ ಇನ್ನೊಬ್ಬ ಡಾಕ್ಟರ ಜೊತೆ ಸೇರಿ 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ಜನರನ್ನು ಕೇಳಿದರು. ಪೆಟ್ಟು, ಅವಮಾನ, ಮನೆಯಲ್ಲಿ ಕುಡಿತ, ಅಮ್ಮನಿಗೆ ಹೊಡೆತ, ಇಂಥವು. ಇವರು ಬೀದಿಯಲ್ಲಿದ್ದವರಲ್ಲ, ಹೆಚ್ಚಿನವರು ಕೆಲಸ, ವಿಮೆ ಎಲ್ಲ ಇದ್ದವರು. ಸುಮಾರು ಮೂರರಲ್ಲಿ ಇಬ್ಬರಿಗೆ ಒಂದಾದರೂ ಆಗಿತ್ತು, ಎಂಟರಲ್ಲಿ ಒಬ್ಬರಿಗೆ ನಾಲ್ಕೋ ಅದಕ್ಕಿಂತ ಜಾಸ್ತಿಯೋ. 1998ರಲ್ಲಿ ಪ್ರಕಟವಾದ ಮೊದಲ ವರದಿಯ ಪ್ರಕಾರ ನಾಲ್ಕೋ ಅದಕ್ಕಿಂತ ಜಾಸ್ತಿಯೋ ಆದವರಲ್ಲಿ ಕುಡಿತದ ಚಟ, ಖಿನ್ನತೆ, ಆತ್ಮಹತ್ಯೆಯ ಪ್ರಯತ್ನ ಇವೆಲ್ಲ, ಏನೂ ಆಗದವರಿಗೆ ಹೋಲಿಸಿದರೆ, 4ರಿಂದ 12 ಪಟ್ಟು ಜಾಸ್ತಿ. ಹೃದಯದ ಕಾಯಿಲೆಯೂ ಜಾಸ್ತಿ.

ಹಾಗಂತ ಈ ಅಧ್ಯಯನದಿಂದ ಬಂದ ಹತ್ತು ಪ್ರಶ್ನೆಗಳ ಪಟ್ಟಿಯನ್ನು ನೆಟ್‌ನಲ್ಲಿ ಹುಡುಕಿ ಅಂಕ ಹಾಕಿಕೊಂಡು ಹೆದರಬೇಡಿ. ಗುಂಪಿನ ಲೆಕ್ಕದಿಂದ ಒಬ್ಬರ ಭವಿಷ್ಯ ಹೇಳೋಕೆ ಆಗಲ್ಲ ಅಂತ 2020ರಲ್ಲಿ ಆಂಡಾ ಅವರೇ ಎಚ್ಚರಿಸಿದ್ದಾರೆ. ಅದೇ ಅಂಕ ಇರುವ ಇಬ್ಬರ ಬದುಕು ಎರಡು ದಾರಿ ಹಿಡಿಯಬಹುದು.

ಮಗಳ ವಿಷಯ. ಕಿರುಚಿದ್ದಕ್ಕಿಂತ ಅದರ ಮುಂದಿನ ಅರ್ಧ ಗಂಟೆಯಲ್ಲಿ ಏನಾಯಿತು ಅನ್ನುವುದು ಮುಖ್ಯ. ತಾಯಿ ಮಗು ಆಡುವುದನ್ನು ವಿಡಿಯೋ ಮಾಡಿ ಅಧ್ಯಯನ ಮಾಡಿದ ಎಡ್ ಟ್ರಾನಿಕ್ ಅವರಿಗೆ ಕಂಡದ್ದು ಇದು: ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ತಾಳ ಕೂಡುವುದು ಸುಮಾರು ಮೂರನೇ ಒಂದು ಭಾಗ ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಸರಿ ಮಾಡಿಕೊಳ್ಳುವುದು. ನಿಮ್ಮ ಮನೆಯಲ್ಲಿ ಆಗ ತಪ್ಪಿದ್ದು ಆ ಸರಿ ಮಾಡಿಕೊಳ್ಳುವ ಭಾಗ. ಬೆಲ್ಟಿನ ಮಾರನೇ ದಿನ ಅಪ್ಪ ಬಂದು "ನಿನ್ನೆ ನಂದು ತಪ್ಪು, ನೀನು ಏನೂ ಮಾಡಿರಲಿಲ್ಲ" ಅಂದಿದ್ದು ನೆನಪಿದೆಯಾ? ಇರಲಿಕ್ಕಿಲ್ಲ. ನೀವು ಮಗಳಿಗೆ ಅಷ್ಟು ಹೇಳಬಹುದು. ವಾರ ಆಗಿದ್ದರೂ ಪರವಾಗಿಲ್ಲ. "ನೀನು ನೀರು ಚೆಲ್ಲಿದ್ದಕ್ಕೆ" ಅಂತ ಮಾತ್ರ ಶುರು ಮಾಡಬೇಡಿ, ಅದು ಕ್ಷಮೆ ಅಲ್ಲ, ಎರಡನೇ ಸಲ ಬೈದ ಹಾಗೆ.

ಕ್ಷಮಿಸಲೇಬೇಕಾ? ಬೇಡ. ಕೆಲವರಿಗೆ ಅದು ತಾನಾಗಿ ಬರುತ್ತದೆ, ಕೆಲವರಿಗೆ ಬರಲ್ಲ, ಬರದೆಯೂ ಚೆನ್ನಾಗಿ ಚೇತರಿಸಿಕೊಂಡವರನ್ನು ನೋಡಿದ್ದೇನೆ. ಪೆನ್ಸಿಲ್ ಚೂಪು ಮಾಡುವ ಅಪ್ಪನನ್ನು ನೋಡಿ ಬರುವ ಸಿಟ್ಟು ನನಗಂತೂ ವಿಚಿತ್ರ ಅನ್ನಿಸಲಿಲ್ಲ. ಆ ಮೆತ್ತನೆ ಅಪ್ಪ ನಿಮಗೆ ಬೇಕಾಗಿತ್ತು, ಸಿಗಲಿಲ್ಲ. ಅದು ಹೊಟ್ಟೆಕಿಚ್ಚಲ್ಲ, ಒಂಥರಾ ದುಃಖ.

ಒಂಟಿಮೇಜು:

ಹಳೇಚಿಲಕ, ನಿಮ್ಮ ಪೋಸ್ಟ್ ಮೂರು ಸಲ ಓದಿದೆ. ನಿಮ್ಮದಕ್ಕಿಂತ ನನ್ನದು ಪೂರ್ತಿ ಉಲ್ಟಾ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ ಹೊಡೆದಿಲ್ಲ. ಕೂಗಾಟ ಇಲ್ಲ, ಕುಡಿತ ಇಲ್ಲ. ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಲೇ ಇರಲಿಲ್ಲ ಅಷ್ಟೇ. ಅಮ್ಮ ಮಲಗಿರುತ್ತಿದ್ದರು, ತಿಂಗಳುಗಟ್ಟಲೆ. ಈಗ ಅದು ಖಿನ್ನತೆ ಅಂತ ಗೊತ್ತಾಗುತ್ತೆ, ಆಗ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಕೆಲಸದಿಂದ ಬಂದು ರೇಡಿಯೋ ಹಾಕಿಕೊಂಡು ಕೂರುತ್ತಿದ್ದರು. ಎಂಟನೇ ವಯಸ್ಸಿಗೆ ನನ್ನ ಜಡೆ ನಾನೇ ಹಾಕಿಕೊಳ್ಳುತ್ತಿದ್ದೆ, ಜ್ವರ ಬಂದರೆ ನಾನೇ ಮಾತ್ರೆ ಹುಡುಕಿ ನುಂಗುತ್ತಿದ್ದೆ, ಎಲ್ಲರೂ "ಎಷ್ಟು ಜವಾಬ್ದಾರಿ ನೋಡು ಈ ಹುಡುಗಿಗೆ" ಅಂತ ಹೊಗಳುತ್ತಿದ್ದರು.

ಆ ಹೊಗಳಿಕೆಯೇ ನನ್ನನ್ನು ಹಾಳು ಮಾಡಿದ್ದು ಅಂತ ಕೆಲವೊಮ್ಮೆ ಅನ್ನಿಸುತ್ತೆ. 41ನೇ ವಯಸ್ಸಿನಲ್ಲಿ ಒಂದು ರಾತ್ರಿ ಹೊಟ್ಟೆನೋವು, ಅಪೆಂಡಿಕ್ಸ್ ಅಂತ ಆಮೇಲೆ ಗೊತ್ತಾಯಿತು. ಗಂಡ ಪಕ್ಕದಲ್ಲೇ ಮಲಗಿದ್ದಾರೆ. ಎಬ್ಬಿಸಲಿಲ್ಲ ನಾನು. ಅವರ ನಿದ್ದೆ ಕೆಡುತ್ತೆ ಅಂತ. ಕಾರ್ ಕೀ ತಗೊಂಡು ಒಬ್ಬಳೇ ಗಾಡಿ ಓಡಿಸಿಕೊಂಡು ಆಸ್ಪತ್ರೆಗೆ ಹೋದೆ, ಅಲ್ಲಿ ಫಾರಂನಲ್ಲಿ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಅನ್ನುವ ಕಡೆ ಏನು ಬರೆಯೋದು ಅಂತ ಗೊತ್ತಾಗದೆ ನನ್ನ ನಂಬರನ್ನೇ ಬರೆದಿದ್ದೆ. ಮಾರನೇ ದಿನ ಗಂಡ ಆ ಫಾರಂ ಹಿಡಿದುಕೊಂಡು ಅತ್ತುಬಿಟ್ಟರು. ಮದುವೆಯಾಗಿ 15 ವರ್ಷ ಆಗಿತ್ತು.

ಹೊಡೆತ ತಿಂದವರಿಗೆ ತೋರಿಸೋಕೆ ಒಂದು ಕತೆಯಾದರೂ ಇರುತ್ತೆ. ನಮ್ಮಂಥವರಿಗೆ ಏನಾಯಿತು ಅಂತ ಕೇಳಿದರೆ ಏನೂ ಆಗಲಿಲ್ಲ ಅನ್ನುವುದೇ ಉತ್ತರ. ಅದಕ್ಕೇ ನಾನು ಥೆರಪಿಗೆ ಹೋಗೋಕೆ ಇಷ್ಟು ತಡ ಮಾಡಿದೆ. ಮೊದಲು ಹೋದ ಥೆರಪಿಸ್ಟ್ ಎರಡನೇ ಭೇಟಿಯಲ್ಲೇ "ನಿಮ್ಮಮ್ಮನಿಗೂ ಕಷ್ಟ ಇತ್ತಲ್ವಾ, ಅರ್ಥ ಮಾಡ್ಕೊಳ್ಳಿ" ಅಂದುಬಿಟ್ಟರು. ಅರ್ಥ ಮಾಡ್ಕೊಂಡೇ ಅಲ್ವಾ ನಾನು ಈ ಗತಿಗೆ ಬಂದದ್ದು! ಆರು ತಿಂಗಳು ಯಾರ ಹತ್ತಿರವೂ ಹೋಗಲಿಲ್ಲ. ಎರಡನೆಯವರು ಸರಿ ಸಿಕ್ಕಿದರು. ಮೊದಲನೆಯವರು ಹೊಂದಲಿಲ್ಲ ಅಂದರೆ ಬದಲಾಯಿಸಿ, ಚಪ್ಪಲಿ ಕಚ್ಚಿದರೆ ಯಾರೂ ಕಾಲಿನದ್ದು ತಪ್ಪು ಅನ್ನಲ್ಲ.

ಗಟ್ಟಿತನ ಅಂದರೆ ಒಬ್ಬರೇ ಎಲ್ಲ ತಡ್ಕೊಳ್ಳೋದು ಅಂತ ನಾನು ತಿಳಿದಿದ್ದೆ. ಆ ಲೆಕ್ಕದಲ್ಲಿ ನನಗಿಂತ ಗಟ್ಟಿ ಯಾರೂ ಇರಲಿಲ್ಲ. ಥೆರಪಿಸ್ಟ್ ನನಗೆ ಕೊಟ್ಟ ಮೊದಲ ಹೋಂವರ್ಕ್ ಏನು ಗೊತ್ತಾ? ವಾರಕ್ಕೆ ಒಂದು ಸಲ ಯಾರ ಹತ್ತಿರವಾದರೂ ಒಂದು ಸಣ್ಣ ಸಹಾಯ ಕೇಳುವುದು, ನಿಜವಾಗಿ ಬೇಕಿಲ್ಲದಿದ್ದರೂ. ಪಕ್ಕದ ಟೇಬಲ್‌ನವರ ಹತ್ತಿರ ಪೆನ್ ಕೇಳೋಕೆ ನನಗೆ ಬೆವರು ಬಂತು. ನಗಬೇಡಿ.

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಅವರ ತಂಡ ಅವರಿಗೆ ನಲವತ್ತು ವರ್ಷ ಆಗುವವರೆಗೆ ಗಮನಿಸುತ್ತಾ ಬಂದರಂತೆ. ಬಡತನ, ಮನೆಯಲ್ಲಿ ಜಗಳ, ಕುಡಿತ ಎಲ್ಲ ಒಟ್ಟಿಗೆ ಇದ್ದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಮಗು ಚೆನ್ನಾಗೇ ಬೆಳೆಯಿತು. ಅಂಥವರಲ್ಲಿ ಮತ್ತೆ ಮತ್ತೆ ಕಂಡದ್ದು, ಅವರನ್ನು ಗಮನಿಸುವ ಒಬ್ಬ ದೊಡ್ಡವರು ಇದ್ದರು. ಅಪ್ಪ ಅಮ್ಮನೇ ಆಗಬೇಕಿಲ್ಲ. ನನಗೆ ಅದು ಪಿ.ಟಿ. ಮೇಷ್ಟ್ರು. ದಿನಾ ನನ್ನ ಶೂ ಲೇಸ್ ನೋಡಿ "ಇವತ್ತು ಎರಡು ಗಂಟಾ, ಒಂದು ಗಂಟಾ?" ಅಂತ ಕೇಳುತ್ತಿದ್ದರು. ಅಷ್ಟೇ. ನನ್ನ ಲೇಸ್ ನೋಡುವವರು ಒಬ್ಬರಿದ್ದರು ಅನ್ನುವುದು ಎಷ್ಟು ದೊಡ್ಡದು ಅಂತ ನನಗೆ ಥೆರಪಿಯಲ್ಲಿ ಅದನ್ನು ಹೇಳುವಾಗ ಗೊತ್ತಾಯಿತು. ಅದೇ ಅಧ್ಯಯನದಲ್ಲಿ ಹದಿಹರೆಯದಲ್ಲಿ ಹಾದಿ ತಪ್ಪಿದ್ದ ಮಕ್ಕಳಲ್ಲೂ ಹೆಚ್ಚಿನವರು ಮೂವತ್ತು ನಲವತ್ತು ಆಗುವಷ್ಟರಲ್ಲಿ ಸುಧಾರಿಸಿಕೊಂಡಿದ್ದರು. ನಿಮಗಿನ್ನೂ 38.

ಮೆಟ್ಟಿಲು:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ನಾನು ಕೈಗೆ ಸಿಗುವ ಒಂದೆರಡು ಸೇರಿಸುತ್ತೇನೆ. ನನಗೂ ಸದ್ದಿನದ್ದೇ ತೊಂದರೆ.

ಗಾಬರಿ ಏರಿದಾಗ "ಶಾಂತವಾಗು" ಅಂತ ತಲೆಗೆ ಹೇಳಿ ಪ್ರಯೋಜನ ಇಲ್ಲ, ತಲೆ ಆಗ ಕೇಳಲ್ಲ. ಮೈಯಿಂದ ಶುರು ಮಾಡಿ. ನಾನು ಪಾದ ಎರಡನ್ನೂ ನೆಲಕ್ಕೆ ಒತ್ತಿ, ಉಸಿರು ಒಳಗೆ ತಗೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತೇನೆ, ಎದುರಿಗೆ ಕಾಣುವ ವಸ್ತುಗಳ ಹೆಸರು ಹೇಳಿಕೊಳ್ಳುತ್ತೇನೆ. ಕುರ್ಚಿ, ಕಿಟಕಿ, ಚಾರ್ಜರ್. ಪೆದ್ದುಪೆದ್ದಾಗಿ ಕಾಣುತ್ತೆ, ಆದರೂ ಕೆಲಸ ಮಾಡುತ್ತೆ. ಆಮೇಲೆ ಒಂದು ವಾಕ್ಯ: "ಈ ಗೇಟು ಆ ಗೇಟಲ್ಲ." ಇದು ನನ್ನದಲ್ಲ, ಈಗಷ್ಟೇ ನಿಮಗಾಗಿ ಮಾಡಿದ್ದು, ನನ್ನದು ಬೇರೆ ಇದೆ.

ಕಣ್ಣು ಮುಚ್ಚಿ ಧ್ಯಾನ ಮಾಡಿ ಅಂತ ಬಹಳ ಜನ ಹೇಳುತ್ತಾರೆ. ನನಗೆ ಅದು ಮೊದಮೊದಲು ಆಗಲೇ ಇಲ್ಲ, ಕಣ್ಣು ಮುಚ್ಚಿದರೆ ಹಳೆಯದೇ ಸಿನಿಮಾ. ನಿಮಗೂ ಹಾಗಾದರೆ ಕಣ್ಣು ತೆರೆದು ನಡೆಯಿರಿ, ಈಜಿ, ಮೈ ಆಡಿಸುವ ಏನಾದರೂ ಮಾಡಿ. ಧ್ಯಾನ ಆಗಲಿಲ್ಲ ಅಂದರೆ ನೀವು ಸೋತ ಹಾಗಲ್ಲ.

ಬರೆಯುವುದು ಕೆಲವರಿಗೆ ಹಿಡಿಸುತ್ತದೆ. ಜೇಮ್ಸ್ ಪೆನೆಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ನೋವಿನ ಘಟನೆ ಬರೆದರು. ಏನಾಯಿತು, ಹೇಗನ್ನಿಸಿತು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಮ್ಮಿಯಾಯಿತು. ಬರೆದ ದಿನ ಮನಸ್ಸು ಭಾರವೇ ಆಗುತ್ತದೆ, ಅದಕ್ಕೆ ಮಲಗುವ ಮುಂಚೆ ಬರೆಯಬೇಡಿ. ತೀರಾ ಕಲಕಿದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಕೌನ್ಸೆಲರ್ ಹುಡುಕುವಾಗ ಟ್ರಾಮಾ ಕೆಲಸದಲ್ಲಿ ತರಬೇತಿ ಇದೆಯಾ ಅಂತ ನೇರವಾಗಿ ಕೇಳಿ. ಆಘಾತದ ನೆನಪು ಕಾಡುವ ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಟ್ರಾಮಾ ಕೇಂದ್ರಿತ ಸಿಬಿಟಿ ಮತ್ತು ಇಎಂಡಿಆರ್ ಎರಡನ್ನೂ ಸೂಚಿಸಿದೆ. ಸಿಬಿಟಿ ಅಂದರೆ ಯೋಚನೆ, ನಡವಳಿಕೆಯ ರೂಢಿ ಬದಲಾಯಿಸುವ ಮಾತಿನ ಚಿಕಿತ್ಸೆ. ಇಎಂಡಿಆರ್ ಅಂದರೆ ನೆನಪನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಥೆರಪಿಸ್ಟ್ ಬೆರಳಿನ ಜೊತೆ ಕಣ್ಣು ಆಡಿಸುವುದು. ನನಗೆ ಮೊದಲು ಮಂಕುಬೂದಿ ಅನ್ನಿಸಿತ್ತು. ನೆನಪು ಹೋಗಲಿಲ್ಲ, ಅದರ ಮುಳ್ಳು ಹೋಯಿತು. ಆ ಕೋಣೆಯ ಬಣ್ಣ ಈಗಲೂ ನೆನಪಿದೆ, ಬೆವರು ಬರಲ್ಲ.

ಗಟ್ಟಿಪಿಂಡ:

ಎಲ್ಲ ಓದಿದೆ. ಎಲ್ಲದಕ್ಕೂ ಒಪ್ಪಿಗೆ ಇಲ್ಲ, ಅದು ಬೇರೆ ಮಾತು. ಕಿವಿಗೊಡುವವಳು ಮೇಡಂ, ಒಂದು ಕೇಳ್ತೀನಿ. ನನಗೆ ಇಪ್ಪತ್ತು ವರ್ಷದಿಂದ ರಾತ್ರಿ ಮೂರು ಗಂಟೆಗೆ ಸರಿಯಾಗಿ ಎಚ್ಚರ ಆಗುತ್ತೆ, ಆಮೇಲೆ ನಿದ್ದೆ ಇಲ್ಲ. ಎದ್ದು ಬಾಗಿಲು ಹಾಕಿದೆಯಾ ಅಂತ ಎರಡು ಸಲ ನೋಡಿ ಬರ್ತೀನಿ. ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ ಅಲ್ವಾ?

ಕಿವಿಗೊಡುವವಳು:

ಇರಬಹುದು, ಇಲ್ಲದೆಯೂ ಇರಬಹುದು ಸರ್. 57ರಲ್ಲಿ ನಿದ್ದೆ ಒಡೆಯೋಕೆ ನೂರು ಕಾರಣ ಇರುತ್ತವೆ, ಗೊರಕೆ, ಉಸಿರು ಕಟ್ಟುವುದು, ಪ್ರಾಸ್ಟೇಟ್, ಯಾವುದಾದರೂ ಮಾತ್ರೆ. ಮೊದಲು ಡಾಕ್ಟರಿಗೆ ತೋರಿಸಿ. ಅಲ್ಲೇನೂ ಸಿಗಲಿಲ್ಲ ಅಂದರೆ, ಚಿಕ್ಕವರಿದ್ದಾಗ ಮನೆಯಲ್ಲಿ ರಾತ್ರಿ ಮೂರು ಗಂಟೆಗೆ ಏನಾಗುತ್ತಿತ್ತು ಅಂತ ನಾನು ಕೇಳುತ್ತಿದ್ದೆ. ಇಲ್ಲಿ ಉತ್ತರ ಬರೆಯಬೇಕಾಗಿಲ್ಲ.

ಗಟ್ಟಿಪಿಂಡ:

ಸರಿ.

ಹಳೇಚಿಲಕ:

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಏನೂ ಬರೆಯೋಕೆ ಆಗಲಿಲ್ಲ, ಓದಿ ಓದಿ ಮುಚ್ಚುತ್ತಿದ್ದೆ. ಒಂಟಿಮೇಜು ಅವರೇ, ನಿಮ್ಮ ಫಾರಂ ಕತೆಯನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಮಾತಾಡದೆ ನನ್ನ ಫೋನ್ ತಗೊಂಡು ತುರ್ತು ನಂಬರ್ ಯಾರದ್ದಿದೆ ಅಂತ ನೋಡಿದಳು. ಅಕ್ಕನದ್ದಿತ್ತು. ಬದಲಾಯಿಸಿಕೊಂಡಳು.

ಮಗಳಿಗೆ ಹೇಳಿದೆ. ಅವಳು ಚಿತ್ರ ಬರೆಯುತ್ತಿದ್ದಳು, ಪಕ್ಕದಲ್ಲಿ ಕೂತು "ಅವತ್ತು ಅಪ್ಪ ಕಿರುಚಿದ್ದು ತಪ್ಪು, ನೀನೇನೂ ತಪ್ಪು ಮಾಡಿರಲಿಲ್ಲ" ಅಂದೆ. ತಲೆ ಎತ್ತದೆ "ನೀರು ಚೆಲ್ಲಿದ್ನಲ್ಲ" ಅಂದಳು. "ಚೆಲ್ಲಿದರೆ ಒರೆಸಿದರಾಯ್ತು" ಅಂದೆ. ಸ್ವಲ್ಪ ಹೊತ್ತು ಬಿಟ್ಟು "ನಿಮಗೆ ಕಿರುಚಿದ್ರೆ ಗಂಟಲು ನೋಯಲ್ವಾ?" ಅಂತ ಕೇಳಿದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನೋಯುತ್ತೆ ಅಂದೆ.

ಅಪ್ಪನ ವಿಷಯ ಹಾಗೇ ಇದೆ. ಈ ಭಾನುವಾರವೂ ಬಂದರು, ಪೆನ್ಸಿಲ್ ಡಬ್ಬಿ ತೆಗೆದರು, ನಾನು ಮಹಡಿಗೆ ಹೋದೆ. ಸಿಟ್ಟು ಬರಬಾರದು ಅಂತ ಈ ಸಲ ಹೇಳಿಕೊಳ್ಳಲಿಲ್ಲ. ಅಲ್ಲೇ ನಿಂತು ಸಿಟ್ಟು ಮಾಡಿಕೊಂಡೆ, ಹತ್ತು ನಿಮಿಷಕ್ಕೆ ಇಳಿಯಿತು.

ಗುರುವಾರ ಸಂಜೆಗೆ ಒಬ್ಬರು ಕೌನ್ಸೆಲರ್ ಹತ್ತಿರ ಟೈಮ್ ತಗೊಂಡಿದ್ದೇನೆ. ಮೆಟ್ಟಿಲು ಅವರು ಹೇಳಿದ ಪ್ರಶ್ನೆ ಫೋನಲ್ಲೇ ಕೇಳಿದೆ, ತರಬೇತಿ ಇದೆಯಂತೆ. ಮೊದಲ ದಿನ ಎಲ್ಲಿಂದ ಶುರು ಮಾಡೋದು? ಎದುರಿಗೆ ಕೂತರೆ ಬಾಯಿ ಕಟ್ಟುತ್ತೆ ನನಗೆ. ಏನಾದರೂ ಬರೆದುಕೊಂಡು ಹೋಗಬೇಕಾ?

ಕಿವಿಗೊಡುವವಳು:

ಬರೆದಾಗಿದೆಯಲ್ಲ! ನಿಮ್ಮ ಮೊದಲ ಪೋಸ್ಟನ್ನೇ ಪ್ರಿಂಟ್ ತೆಗೆದುಕೊಂಡು ಹೋಗಿ, ಅವರ ಕೈಗೆ ಕೊಡಿ. ಅವರು ಓದುವವರೆಗೆ ನೀವು ಸುಮ್ನೆ ಕೂತಿದ್ದರೆ ಸಾಕು.